ಅಡ್ರಿನಲ್ ಪರೀಕ್ಷೆ: ರಕ್ತ ಕೊಡುವ ಮುನ್ನ ಗಡಿಯಾರ ನೋಡಿ

ಕಾರ್ಟಿಸಾಲ್ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ರಕ್ತ ತೆಗೆದ ಸಮಯ, ಸಂಖ್ಯೆ ಆಮೇಲೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಈ ಹಾರ್ಮೋನನ್ನು ದಿನವಿಡೀ ಒಂದೇ ಪ್ರಮಾಣದಲ್ಲಿ ಬಿಡುವುದಿಲ್ಲ. ಬೆಳಗಿನ ಜಾವ ಏರಿ, ಏಳುವ ಹೊತ್ತಿಗೆ ಗರಿಷ್ಠವಾಗಿ, ನಡುರಾತ್ರಿ ತೀರಾ ಇಳಿಯುತ್ತದೆ. ಸಂಜೆ ಕೊಟ್ಟ ರಕ್ತದಲ್ಲಿ ಕಡಿಮೆ ಬಂದರೆ ಅದು ಸಹಜ. ರಾತ್ರಿ ಪಾಳಿಯವರಲ್ಲಿ ಈ ಲಯವೇ ಬೇರೆ. ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಕೊರತೆಯ ಅನುಮಾನವಿದ್ದರೆ

ಬಿಡದ ಸುಸ್ತು, ತೂಕ ಇಳಿಕೆ, ಎದ್ದು ನಿಂತರೆ ತಲೆಸುತ್ತು, ಉಪ್ಪಿನ ಬಯಕೆ. ಇವುಗಳ ಜೊತೆ ಅಂಗೈ ಗೆರೆ, ಒಸಡು, ಹಳೆಯ ಗಾಯದ ಗುರುತು ಕಪ್ಪಾಗುತ್ತಿದ್ದರೆ ಗ್ರಂಥಿಯೇ ಹಾಳಾಗಿರುವ ಅಡಿಸನ್ ಕಾಯಿಲೆಯನ್ನು ಯೋಚಿಸಬೇಕು. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಷಿಯಂ ಏರಿದ್ದರೆ ಅನುಮಾನ ಇನ್ನೂ ಗಟ್ಟಿ.

ಬೆಳಿಗ್ಗೆ 8ರಿಂದ 9ರೊಳಗೆ ಕಾರ್ಟಿಸಾಲ್ ಮತ್ತು ಎಸಿಟಿಎಚ್ (ಕಾರ್ಟಿಸಾಲ್ ಬಿಡುವಂತೆ ಅಡ್ರಿನಲ್‌ಗೆ ಸೂಚಿಸುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು) ಎರಡಕ್ಕೂ ರಕ್ತ ಕೊಡಿ. ಎಸಿಟಿಎಚ್ ಬಲು ಸೂಕ್ಷ್ಮ: ಮಾದರಿಯನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಹಾಕಿ, ಮಂಜುಗಡ್ಡೆಯಲ್ಲಿಟ್ಟು ಬೇಗ ಲ್ಯಾಬಿಗೆ ಸೇರಿಸದಿದ್ದರೆ ಸುಳ್ಳು ಇಳಿಕೆ ತೋರಿಸುತ್ತದೆ. ಕಾರ್ಟಿಸಾಲ್ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಬಹುತೇಕ ಖಚಿತ. 18ಕ್ಕಿಂತ ಹೆಚ್ಚಿದ್ದರೆ ಕೊರತೆಯ ಸಂಭವ ತೀರಾ ಕಡಿಮೆ. ನಡುವೆ ಬಂದವರಿಗೆ ಸಿನಾಕ್ಥೆನ್ ಪರೀಕ್ಷೆ ಬೇಕು. ಎಸಿಟಿಎಚ್‌ನ ಕೃತಕ ರೂಪವಾದ ಇದರ 250 ಮೈಕ್ರೋಗ್ರಾಂ ಇಂಜೆಕ್ಷನ್ ಕೊಟ್ಟು, ಕೊಡುವ ಮುಂಚೆ ಒಮ್ಮೆ, ನಂತರ 30 ಮತ್ತು 60ನೇ ನಿಮಿಷದಲ್ಲಿ ರಕ್ತ ತೆಗೆಯುತ್ತಾರೆ. ಕಾರ್ಟಿಸಾಲ್ ಅಳೆಯುವ ಹಳೆಯ ವಿಧಾನಗಳಲ್ಲಿ 18 ದಾಟಿದರೆ ಸರಿ. ಹೊಸ ವಿಧಾನಗಳಲ್ಲಿ ಗಡಿ 14–15ರ ಆಸುಪಾಸು. ಆದ್ದರಿಂದ ನಿಮ್ಮ ಲ್ಯಾಬಿನ ಗಡಿ ಯಾವುದೆಂದು ಕೇಳಲೇಬೇಕು.

ಕಾರ್ಟಿಸಾಲ್ ಕಡಿಮೆ, ಎಸಿಟಿಎಚ್ ಹೆಚ್ಚು ಎಂದಾದರೆ ತೊಂದರೆ ಗ್ರಂಥಿಯಲ್ಲೇ: ಸಾಮಾನ್ಯವಾಗಿ ದೇಹದ ರೋಗನಿರೋಧಕ ವ್ಯವಸ್ಥೆಯ ದಾಳಿ ಅಥವಾ ಕ್ಷಯ. ಎರಡೂ ಕಡಿಮೆಯಿದ್ದರೆ ಪಿಟ್ಯುಟರಿ ಕಡೆ ನೋಡಬೇಕು, ಇಲ್ಲವೇ ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡ್ ಕಾರಣ.

ವರದಿಯನ್ನು ಹೆಚ್ಚಾಗಿ ಕೆಡಿಸುವುದೂ ಈ ಸ್ಟೀರಾಯ್ಡೇ. ಮಾತ್ರೆ ಮಾತ್ರವಲ್ಲ, ಇನ್ಹೇಲರ್, ಕೀಲಿಗೆ ಕೊಟ್ಟ ಇಂಜೆಕ್ಷನ್, ಚರ್ಮದ ಮುಲಾಮು, ಎಲ್ಲವನ್ನೂ ಹೇಳಿ. ಪ್ರೆಡ್ನಿಸೊಲೋನ್ ಹಲವು ಯಂತ್ರಗಳಲ್ಲಿ ಕಾರ್ಟಿಸಾಲ್ ಎಂದೇ ಎಣಿಕೆಯಾಗುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಸಂಖ್ಯೆಯನ್ನು ಸುಳ್ಳಾಗಿ ಏರಿಸುತ್ತದೆ. ಹಾಗೆಂದು ಪರೀಕ್ಷೆಗಾಗಿ ಸ್ಟೀರಾಯ್ಡನ್ನು ನೀವೇ ನಿಲ್ಲಿಸಬೇಡಿ, ಪ್ರಾಣಕ್ಕೆ ಕುತ್ತಾದೀತು. ಕೊರತೆಯ ಅನುಮಾನವಿರುವವರಲ್ಲಿ ವಾಂತಿ, ರಕ್ತದೊತ್ತಡ ಕುಸಿತ, ಮಂಪರು ಕಂಡರೆ ವರದಿಗೆ ಕಾಯದೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲೈನ್ ಸಿಗಬೇಕು.

'ಅಡ್ರಿನಲ್ ದಣಿವು' ಎಂಬ ಹೆಸರಲ್ಲಿ ಮಾರುವ ಪುಡಿ, ಕಿಟ್‌ಗಳಿಗೆ ಹಣ ಸುರಿಯಬೇಡಿ. ಅಂಥ ರೋಗವನ್ನು ಹಾರ್ಮೋನು ತಜ್ಞರು ಒಪ್ಪಿಲ್ಲ. ಅದರ ಹಿಂದೆ ಓಡುವಾಗ ಥೈರಾಯ್ಡ್, ರಕ್ತಹೀನತೆಯಂಥ ನಿಜವಾದ ಕಾರಣಗಳು ಕಣ್ತಪ್ಪುತ್ತವೆ.

ಹೆಚ್ಚಳದ ಅನುಮಾನವಿದ್ದರೆ

ದುಂಡು ಮುಖ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ, ಸಣ್ಣ ಪೆಟ್ಟಿಗೂ ನೀಲಿಗಟ್ಟುವ ಚರ್ಮ, ತೊಡೆಯ ಬಲ ಕುಂದುವುದು ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ತೊಂದರೆಯ ಲಕ್ಷಣಗಳು. ಇಲ್ಲಿ ಬೆಳಗಿನ ಕಾರ್ಟಿಸಾಲ್ ಒಂದರಿಂದಲೇ ಏನೂ ತಿಳಿಯದು. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ (ಕಾರ್ಟಿಸಾಲನ್ನು ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ) ನುಂಗಿ, ಮರುದಿನ ಬೆಳಿಗ್ಗೆ 8–9ಕ್ಕೆ ರಕ್ತ ಕೊಡಬೇಕು. ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿದರೆ ಸಹಜ. ಇಳಿಯದಿದ್ದರೆ ನಡುರಾತ್ರಿಯ ಎಂಜಲು ಅಥವಾ 24 ಗಂಟೆಯ ಮೂತ್ರದ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು.

ಔಷಧಿಗೆ ಬಗ್ಗದ ರಕ್ತದೊತ್ತಡಕ್ಕೆ ಅಲ್ಡೋಸ್ಟೆರಾನ್ (ಉಪ್ಪನ್ನು ಹಿಡಿದಿಡುವ ಅಡ್ರಿನಲ್ ಹಾರ್ಮೋನು) ಮತ್ತು ರೆನಿನ್ (ಅದನ್ನು ಪ್ರಚೋದಿಸುವ ಮೂತ್ರಪಿಂಡದ ಕಿಣ್ವ) ಇವುಗಳ ಅನುಪಾತ ನೋಡುತ್ತಾರೆ. ತಲೆನೋವು, ಬೆವರು, ಎದೆಬಡಿತ ಒಟ್ಟಿಗೆ ಬಂದು ಹೋಗುತ್ತಿದ್ದರೆ ಮೆಟಾನೆಫ್ರಿನ್ (ಅಡ್ರಿನಲಿನ್ ಒಡೆದು ಬರುವ ವಸ್ತು) ಪರೀಕ್ಷೆ. ಅದಕ್ಕೆ 20–30 ನಿಮಿಷ ಮಲಗಿದ ನಂತರವೇ ರಕ್ತ ತೆಗೆಯಬೇಕು.

ಸ್ಕ್ಯಾನ್ ಕೊನೆಗಿರಲಿ. ವಯಸ್ಸಾದಂತೆ ಅನೇಕರ ಅಡ್ರಿನಲ್‌ನಲ್ಲಿ ನಿರುಪದ್ರವಿ ಗಂಟುಗಳು ಕಾಣುತ್ತವೆ. ಗಂಟು ಕಂಡಿದ್ದರೂ ಮೆಟಾನೆಫ್ರಿನ್ ಸಹಜವೆಂದು ತಿಳಿಯುವವರೆಗೆ ಸೂಜಿ ಹಾಕಿ ಬಯಾಪ್ಸಿ ಮಾಡಬಾರದು. ಅಡ್ರಿನಲಿನ್ ಸುರಿಸುವ ಗಂಟಾಗಿದ್ದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಚಿಮ್ಮುತ್ತದೆ.