ಚಿರೆಕಲ್ಲು ಗಾಮಾ ಕಿರಣವನ್ನು ಎಷ್ಟು ತಡೆಯುತ್ತದೆ? ಗೋವಾದ ಲ್ಯಾಬ್‌ನಲ್ಲಿ ಅಳೆಯುವ ಬಗೆ

ಕಾರವಾರದಿಂದ ಪಣಜಿವರೆಗೆ ಮನೆ ಕಟ್ಟುವ ಚಿರೆಕಲ್ಲಿನ ತುಂಬ ತೂತು. ಹಾಗಾಗಿ ಬರೀ ದಪ್ಪ ಅಳೆದರೆ ಸಾಲದು; ಒಂದು ಚದರ ಸೆಂ.ಮೀ.ಗೆ ಎಷ್ಟು ಗ್ರಾಂ ಕಲ್ಲಿದೆ ಎಂಬುದೇ ಮುಖ್ಯ.

ಟೈಲ್ಸ್ ಕಟರ್‌ನಲ್ಲಿ 10 × 10 ಸೆಂ.ಮೀ. ಅಳತೆಯ, 2 ಸೆಂ.ಮೀ. ದಪ್ಪದ ಐದು ಬಿಲ್ಲೆ ಕೊಯ್ಸಿಕೊಳ್ಳಿ. 105 ಡಿಗ್ರಿ ಓವನ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿ, ತೂಗಿ, ತೆಳು ಪಾಲಿಥೀನ್‌ನಲ್ಲಿ ಸುತ್ತಿಡಿ. ಒಂದು ಬಿಲ್ಲೆ 400 ಗ್ರಾಂ ತೂಗಿದರೆ ಚದರ ಸೆಂ.ಮೀ.ಗೆ 4 ಗ್ರಾಂ ಆಯಿತು.

ಸೋರ್ಸ್, ಅಂದರೆ ಗಾಮಾ ಕಿರಣ ಸೂಸುವ ವಸ್ತು, ಸೀಸಿಯಂ-137; ಕಿರಣದ ಶಕ್ತಿ 662 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್). ಲ್ಯಾಬ್ ರಿಜಿಸ್ಟರ್‌ನಲ್ಲಿ ಬರೆದೇ ತೆಗೆಯಿರಿ, ಚಿಮಟದಲ್ಲೇ ಹಿಡಿಯಿರಿ. ಜಿಎಂ (ಗೈಗರ್-ಮುಲ್ಲರ್) ಟ್ಯೂಬ್ ಇಲ್ಲಿ ಬೇಡ: ಗಾಮಾ ಕಿರಣ ನೂರಕ್ಕೆ ಒಂದೋ ಎರಡೋ ಅದಕ್ಕೆ ಸಿಗುತ್ತವೆ, ಚದುರಿ ಬಂದದ್ದನ್ನೂ ಅದು ನೇರ ಬಂದದ್ದರ ಜೊತೆಗೇ ಎಣಿಸುತ್ತದೆ. ಕಿರಣದ ಶಕ್ತಿಯನ್ನೂ ಅಳೆಯುವ ಸೋಡಿಯಂ ಅಯೊಡೈಡ್ ಡಿಟೆಕ್ಟರ್ ಇಟ್ಟು, 662ರ ಶಿಖರವನ್ನಷ್ಟೇ (ಶಕ್ತಿಯ ಗ್ರಾಫ್‌ನಲ್ಲಿ 662ರ ಬಳಿ ಏಳುವ ಗುಡ್ಡ) ಎಣಿಸಿ. ಸೋರ್ಸ್‌ಗೂ ಡಿಟೆಕ್ಟರ್‌ಗೂ 20 ಸೆಂ.ಮೀ. ಅಂತರ, ಎರಡೂ ಕಡೆ ತೂತಿರುವ ಸೀಸದ ಇಟ್ಟಿಗೆ, ನಡುವೆ ಕಲ್ಲು. ತೂತುಗಳು ಒಂದೇ ಗೆರೆಯಲ್ಲಿರಬೇಕು.

ಕಲ್ಲಿಲ್ಲದೆ ಒಮ್ಮೆ, ಆಮೇಲೆ ಒಂದೊಂದೇ ಬಿಲ್ಲೆ ಸೇರಿಸುತ್ತ ಎಣಿಸಿ. ಶಿಖರದಲ್ಲಿ 10,000 ಎಣಿಕೆ ಬಂದರೆ ದೋಷ ಶೇ. 1. ಐದು ಬಿಲ್ಲೆ ದಾಟಿ ಬರುವುದು ಸುಮಾರು ಐದನೇ ಒಂದು ಪಾಲು, ಅಂದರೆ ಅಷ್ಟೇ ಎಣಿಕೆಗೆ ಐದು ಪಟ್ಟು ಹೊತ್ತು ಬೇಕು. ಇಲ್ಲಿ ಅವಸರಪಟ್ಟವರ ಗ್ರಾಫ್ ಕೊನೆಯಲ್ಲಿ ಕುಣಿಯುತ್ತದೆ. ಸೋರ್ಸ್ ಇಲ್ಲದ ಹಿನ್ನೆಲೆ ಎಣಿಕೆಯನ್ನು ಪ್ರತಿಯೊಂದರಿಂದ ಕಳೆಯಿರಿ. ಬಿಲ್ಲೆಗಳನ್ನು ಕಾಲು ಸುತ್ತು ತಿರುಗಿಸಿ, ಕೊಂಚ ಸರಿಸಿ ಮತ್ತೊಮ್ಮೆ ಎಣಿಸಿದರೆ ತೂತುಗಳ ಆಟ ಗೊತ್ತಾಗುತ್ತದೆ. ನಡುವೆ ಕರೆಂಟ್ ಹೋಗಿ ಎಸಿ ನಿಂತು ಕೋಣೆ ಬಿಸಿಯಾದರೆ ಶಿಖರ ಜರುಗುತ್ತದೆ. ಶಿಖರ ಎಣಿಸಲು ಇಟ್ಟ ಶಕ್ತಿಯ ಮಿತಿಗಳನ್ನು ಮತ್ತೆ ಹೊಂದಿಸದೆ ಮುಂದುವರಿಸಬೇಡಿ.

ಎಣಿಕೆಗಳನ್ನೆಲ್ಲ ನಿಮಿಷಕ್ಕೆ ಎಷ್ಟು ಎಂದು ಮಾಡಿಕೊಂಡು, ಕಲ್ಲಿಲ್ಲದ ಎಣಿಕೆಯನ್ನು ಕಲ್ಲಿರುವ ಎಣಿಕೆಯಿಂದ ಭಾಗಿಸಿ, ಸಹಜ ಲಾಗ್ ತೆಗೆದು, ಚದರ ಸೆಂ.ಮೀ.ಗೆ ಎಷ್ಟು ಗ್ರಾಂ ಎಂಬುದರ ಎದುರು ಗ್ರಾಫ್ ಹಾಕಿ. ಗೆರೆಯ ಇಳಿಜಾರೇ ಉತ್ತರ: ಸುಮಾರು 0.077 ಚ.ಸೆಂ.ಮೀ./ಗ್ರಾಂ ಬರಬೇಕು. ಈ ಶಕ್ತಿಯಲ್ಲಿ ಕಾಂಪ್ಟನ್ ಚದುರುವಿಕೆಯದ್ದೇ (ಕಿರಣ ಎಲೆಕ್ಟ್ರಾನಿಗೆ ಬಡಿದು ದಿಕ್ಕು ತಪ್ಪುವುದು) ಕಾರುಬಾರು, ಹಾಗಾಗಿ ಕಾಂಕ್ರೀಟ್, ಅಲ್ಯೂಮಿನಿಯಂ, ಕಬ್ಬಿಣ ಎಲ್ಲವೂ ಗ್ರಾಂ ಲೆಕ್ಕದಲ್ಲಿ ಹತ್ತಿರ ಹತ್ತಿರ. ಸೀಸ ಮಾತ್ರ 0.11. ನಿಮ್ಮ ಚಿರೆಕಲ್ಲು ಸೀಸವನ್ನು ಮೀರಿಸಿದರೆ ಸಂಭ್ರಮಿಸುವ ಮೊದಲು ತಕ್ಕಡಿ ನೋಡಿ.

0.086ರ ಸುತ್ತ ಬಂದರೆ ಮಳೆಗಾಲದ ಮೇಲೆ ಅನುಮಾನಪಡಿ. ಒಣಗಿಸಿ ತೂಗಿದ ಬಿಲ್ಲೆ ಆಮೇಲೆ 40 ಗ್ರಾಂ ನೀರು ಹೀರಿದ್ದರೆ ಸಂಖ್ಯೆ ಸರಿಯಾಗಿ ಅಲ್ಲಿಗೇ ಏರುತ್ತದೆ. 0.077ಕ್ಕಿಂತ ತುಂಬ ಕಡಿಮೆ ಬಂದರೆ ಕಿರಣ ಕಲ್ಲಿನ ಪಕ್ಕದಿಂದ ನುಸುಳುತ್ತಿದೆ: ಸೀಸದ ಇಟ್ಟಿಗೆಗಳ ಸಂದು ಮುಚ್ಚಿ, ಮೊದಲಿನಿಂದ ಎಣಿಸಿ.