ಬೀಗಕ್ಕೆ ಸುರಿದ ದುಡ್ಡು, ಬೀಗದ ಕೈಗೆ ಕೊಡದ ಗಮನ

ನಮ್ಮದು ಮೂರು ಜನರ ವಿಡಿಯೋ ಎಡಿಟಿಂಗ್ ತಂಡ. ಬೇರೆಯವರ ಫುಟೇಜ್ ತಿಂಗಳುಗಟ್ಟಲೆ ನಮ್ಮ ಡಿಸ್ಕುಗಳಲ್ಲಿ, ಫೋನುಗಳಲ್ಲಿ ಇರುತ್ತದೆ. ಒಮ್ಮೆ ಪ್ರಯಾಣದಲ್ಲಿ ಒಂದು ಹಾರ್ಡ್ ಡಿಸ್ಕ್ ಕಳೆದುಹೋಯಿತು. ಡಿಸ್ಕ್ ಹೋದರೆ ಹೋಗಲಿ. ಕ್ಲೈಂಟಿಗೆ ಫೋನ್ ಮಾಡಿ, ‘ನಿಮ್ಮ ಫುಟೇಜ್ ಈಗ ಯಾರ ಕೈಲಿದೆಯೋ ಗೊತ್ತಿಲ್ಲ’ ಅಂತ ಹೇಳಬೇಕಾಯಿತಲ್ಲ, ಅದು ಬೇಡ. ಆ ವಾರವೇ ಎನ್‌ಕ್ರಿಪ್ಶನ್‌ಗೆ (ಕೀ ಇಲ್ಲದವರಿಗೆ ಫೈಲು ಓದಲಾಗದ ಹಾಗೆ ಕಲಸಿಡುವುದಕ್ಕೆ) ದುಡ್ಡು ಹಾಕಲು ಹೊರಟೆವು.

ಬೆಲೆ ಜಾಸ್ತಿಯಾದಷ್ಟೂ ಭದ್ರ ಅಂದುಕೊಂಡು, ಮೈಮೇಲೆ ನಂಬರ್ ಬಟನ್ ಇರುವ ಎರಡು ಪೆನ್‌ಡ್ರೈವ್ ಕೊಂಡೆ. ಹತ್ತು ಸಲ ತಪ್ಪು ಪಿನ್ ಒತ್ತಿದರೆ ಫೈಲುಗಳನ್ನು ತೆರೆಯುವ ಒಳಗಿನ ಕೀ ಅಳಿಸಿಹೋಗುತ್ತದೆ. ಕಳ್ಳನಿಗೆ ಇದು ಸರಿ. ಪಿನ್ ಮರೆತದ್ದು ನಾನು. ಎಂಟನೇ ಸಲವೂ ಕೆಂಪು ದೀಪ ಮಿಣುಕಿತು. ಅಲ್ಲಿಗೇ ನಿಲ್ಲಿಸಬೇಕಿತ್ತು, ಹಠ ಬಿಡಲಿಲ್ಲ. ಹತ್ತಕ್ಕೆ ಡ್ರೈವ್ ಖಾಲಿ.

ಆಮೇಲೆ ಕೂತು ಓದಿದೆ. 2010ರಲ್ಲಿ ಜರ್ಮನಿಯ ಭದ್ರತಾ ತಜ್ಞರು, ಸರ್ಟಿಫಿಕೇಟ್ ಪಡೆದ ಕೆಲವು ದುಬಾರಿ ಪೆನ್‌ಡ್ರೈವ್‌ಗಳನ್ನು ಪಾಸ್‌ವರ್ಡ್ ಇಲ್ಲದೆಯೇ ತೆರೆದಿದ್ದರು. ಪಾಸ್‌ವರ್ಡ್ ಪರೀಕ್ಷೆ ನಡೆಯುತ್ತಿದ್ದದ್ದು ಕಂಪ್ಯೂಟರಿನಲ್ಲಿ. ಅದು ಸರಿಯಿದ್ದರೆ ಡ್ರೈವಿಗೆ ‘ತೆರೆ’ ಅನ್ನುವ ಒಂದೇ ಸಂಕೇತ ಹೋಗುತ್ತಿತ್ತು, ಎಲ್ಲರ ಪಾಸ್‌ವರ್ಡಿಗೂ ಅದೇ. ಆ ಸಂಕೇತವನ್ನು ನೇರವಾಗಿ ಕಳಿಸಿದರೆ ಡ್ರೈವ್ ತೆರೆಯುತ್ತಿತ್ತು. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಕೆಲವು ಎಸ್‌ಎಸ್‌ಡಿಗಳು (ಚಿಪ್‌ನಲ್ಲಿ ಬರೆದಿಡುವ ಡಿಸ್ಕುಗಳು) ತಾವೇ ಮಾಡುವ ಹಾರ್ಡ್‌ವೇರ್ ಎನ್‌ಕ್ರಿಪ್ಶನ್ನಿನಲ್ಲೂ ಇಂಥದ್ದೇ ತೂತು ತೋರಿಸಿದರು. ಎನ್‌ಕ್ರಿಪ್ಶನ್ನಿನ ಲೆಕ್ಕಾಚಾರ ಗಟ್ಟಿಯೇ. 2001ರಿಂದ ಮಾನದಂಡವಾಗಿರುವ ಎಇಎಸ್ ಅನ್ನುವ ಎನ್‌ಕ್ರಿಪ್ಶನ್ ವಿಧಾನವನ್ನು ಯಾರೂ ಮುರಿದಿರಲಿಲ್ಲ. ಬಾಗಿಲು ಗಟ್ಟಿ, ಚಿಲಕ ಸಡಿಲ.

ಹಾಗಾಗಿ ಪೆಟ್ಟಿಗೆಗೆ ದುಡ್ಡು ಸುರಿಯುವುದು ಬಿಟ್ಟೆ. ಮ್ಯಾಕ್‌ನಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಫೈಲ್‌ವಾಲ್ಟ್ ಇದ್ದೇ ಇತ್ತು. ವಿಂಡೋಸ್ ಮತ್ತು ಮ್ಯಾಕ್ ನಡುವೆ ಓಡಾಡುವ ಡಿಸ್ಕಿಗೆ ವೆರಾಕ್ರಿಪ್ಟ್, ಅದು ಉಚಿತ. ವಿಂಡೋಸ್‌ನಲ್ಲೇ ಉಳಿಯುವ ಡಿಸ್ಕಿಗೆ ಬಿಟ್‌ಲಾಕರ್. ಇದನ್ನು ಹೊಸದಾಗಿ ಹಾಕಲು ವಿಂಡೋಸ್‌ನ ಪ್ರೊ ಆವೃತ್ತಿ ಬೇಕು. ಹಾಕಿದ ಡಿಸ್ಕನ್ನು ತೆರೆದು ಕೆಲಸ ಮಾಡಲು ಹೋಮ್ ಆವೃತ್ತಿ ಸಾಕು. ಮೂರು ಲೈಸೆನ್ಸ್ ಕೊಳ್ಳುವ ಬದಲು ಒಂದೇ ಕೊಂಡೆವು. ಹಳೆಯ ಡಿಸ್ಕಿಗೆ ಹಾಕುವಾಗ ‘ಬಳಸಿದ ಜಾಗ ಮಾತ್ರ’ ಅನ್ನುವುದನ್ನು ಆರಿಸಬೇಡಿ. ಅಳಿಸಿದ ಫೈಲುಗಳ ಪಳೆಯುಳಿಕೆ ಬಯಲಲ್ಲೇ ಉಳಿಯುತ್ತದೆ. ಪೂರ್ತಿ ಮಾಡಿದರೆ ರಾತ್ರಿಯಿಡೀ ಓಡುತ್ತದೆ, ಓಡಲಿ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಕೆಲಸ ಒಪ್ಪಿಸಬೇಕಿದ್ದ ಒಂದು ಬೆಳಿಗ್ಗೆ. ಬಯೋಸ್, ಅಂದರೆ ಕಂಪ್ಯೂಟರನ್ನು ಶುರು ಮಾಡುವ ತಂತ್ರಾಂಶ, ಅಪ್‌ಡೇಟ್ ಆಗಿತ್ತು. ಲ್ಯಾಪ್‌ಟಾಪ್ ಆನ್ ಮಾಡಿದರೆ ನೀಲಿ ಪರದೆ, ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುತ್ತಿದೆ. ಕೀ ಎಲ್ಲಿದೆ? ಒಂದು ಪೆನ್‌ಡ್ರೈವ್‌ನಲ್ಲಿ. ಆ ಪೆನ್‌ಡ್ರೈವಿನ ಪಾಸ್‌ವರ್ಡ್? ಅದೇ ಲ್ಯಾಪ್‌ಟಾಪಿನೊಳಗೆ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು, ಅಲ್ವಾ? ಗೆಳೆಯ ಯಾವತ್ತೋ ಕೈಯಲ್ಲಿ ಬರೆದಿಟ್ಟಿದ್ದ ಚೀಟಿ ಸಿಕ್ಕಿ ಬಚಾವಾದೆವು. ಆರಾರು ಅಂಕಿಗಳ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಭಾಗವಾಗುತ್ತದೆ. ಅದಕ್ಕೇ ಅವನ ವಕ್ರ ಅಕ್ಷರದಲ್ಲಿ 1 ಅಂತ ಓದಿದ್ದು 7 ಆಗಿದ್ದಾಗ ಆ ಗುಂಪಲ್ಲೇ ತಪ್ಪು ಅಂತ ತೋರಿಸಿತು. ಈಗ ಪ್ರತಿ ಡಿಸ್ಕಿನ ಕೀಯೂ ಎರಡು ಕಾಗದದಲ್ಲಿ, ಎರಡು ಬೇರೆ ಜಾಗದಲ್ಲಿ ಇದೆ. ಅಪ್‌ಡೇಟಿಗೆ ಮುಂಚೆ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡುತ್ತೇವೆ, ಅಂದರೆ ಸ್ವಲ್ಪ ಹೊತ್ತು ತಡೆದಿಡುತ್ತೇವೆ.

ಫೋನುಗಳಿಗೆ ಖರ್ಚೇ ಬರಲಿಲ್ಲ. ಆಂಡ್ರಾಯ್ಡ್ 10ರ ಜೊತೆ ಬಂದ ಫೋನುಗಳಿಂದ ಈಚೆಗೆ ಎನ್‌ಕ್ರಿಪ್ಶನ್ ಕಡ್ಡಾಯ. ನಾವು ಬದಲಿಸಿದ್ದು ಪಿನ್ ಮಾತ್ರ: ನಾಲ್ಕು ಅಂಕಿಯಾದರೆ ಹತ್ತು ಸಾವಿರ ಸಾಧ್ಯತೆ, ಆರಾದರೆ ಹತ್ತು ಲಕ್ಷ. ಫೋನಿಗೆ ಸುಮ್ನೆ ಹಾಕಿಕೊಂಡ ಮೆಮೊರಿ ಕಾರ್ಡ್ ಇದರೊಳಗೆ ಬರುವುದಿಲ್ಲ, ಅದನ್ನು ತೆಗೆದೇಬಿಟ್ಟೆವು.

ಕ್ಯಾಮೆರಾ ಕಾರ್ಡಿನದ್ದು ಮಾತ್ರ ಬಗೆಹರಿದಿಲ್ಲ. ನಮ್ಮ ಕ್ಯಾಮೆರಾಗಳು ಎಲ್ಲವನ್ನೂ ಬಯಲಲ್ಲೇ ಬರೆಯುತ್ತವೆ. ಕಾಪಿಯಾಗಿ ಫಾರ್ಮ್ಯಾಟ್ ಆಗುವವರೆಗೆ ಆ ಕಾರ್ಡು ನನ್ನ ಅಂಗಿ ಜೇಬಿನಲ್ಲಿ, ಗುಂಡಿ ಹಾಕಿಕೊಂಡು.