ಪಾಪನಿವೇದನೆ ಮುಗಿದರೂ ಮುಗಿಯದ ಭಯ: ನನ್ನ ಅನುಭವ

ಪಾಪನಿವೇದನೆ ಮಾಡಿ, ಅಂದರೆ ಚರ್ಚಿನ ಗುರುಗಳ (ಫಾದರ್) ಮುಂದೆ ಪಾಪಗಳನ್ನು ಹೇಳಿ ದೇವರ ಕ್ಷಮೆ ಕೇಳಿ, ಹೊರಗೆ ಬಂದ ತಕ್ಷಣ ಮತ್ತೆ ಒಳಗೆ ಹೋಗಬೇಕು ಅನ್ನಿಸುವ ಕಷ್ಟ ಪಟ್ಟವರಿಗೇ ಗೊತ್ತು. ಒಂದು ಮಾತು ಬಿಟ್ಟೆನಾ? ಸರಿಯಾಗಿ ಹೇಳಿದೆನಾ? ನಿಜವಾದ ಪಶ್ಚಾತ್ತಾಪ ಇತ್ತಾ, ಸುಮ್ನೆ ಬಾಯಿಮಾತಾ? ಹಾಗಾದರೆ ಕ್ಷಮೆ ಸಿಕ್ಕೇ ಇಲ್ಲ ಅಲ್ವಾ? ಈ ಪ್ರಶ್ನೆಗಳ ಜೊತೆ ನಾನು ವರ್ಷಗಟ್ಟಲೆ ಬದುಕಿದ್ದೇನೆ. ಇದರಿಂದ ಹೊರಗೆ ಬಂದದ್ದು ಹೇಗೆ ಅಂತ ಬರೆಯುತ್ತಿದ್ದೇನೆ, ಯಾಕಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ತುಂಬಾ ಕಡಿಮೆ.

ನಮ್ಮದು ಮೈಸೂರು ಕಡೆಯ ಕನ್ನಡ ಕಥೋಲಿಕ ಮನೆ. ಸಂಜೆ ಜಪಸರ, ಭಾನುವಾರ ಪೂಜೆ, ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ, ಇದೆಲ್ಲ ಚಿಕ್ಕಂದಿನಿಂದ ಇಷ್ಟಪಟ್ಟು ಮಾಡಿಕೊಂಡು ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಅದೇ ಪ್ರಾರ್ಥನೆಯೊಳಗೆ ಭಯ ಬಂದು ಕೂತುಕೊಂಡಿತು. ಜಪಸರದ ಮಣಿ ಹಿಡಿದು ನಮೋ ಮರಿಯಾ ಪ್ರಾರ್ಥನೆ ಹೇಳುವಾಗ ಮನಸ್ಸು ಬೇರೆ ಕಡೆ ಹೋಯಿತು ಅಂತ ಅದೇ ಮಣಿಯನ್ನು ಮತ್ತೆ ಹೇಳುತ್ತಿದ್ದೆ, ಆಮೇಲೆ ಆ ಹತ್ತು ಮಣಿಗಳ ಗುಂಪನ್ನೇ ಮೊದಲಿನಿಂದ ಶುರು ಮಾಡುತ್ತಿದ್ದೆ. ಕೋವಿಡ್ ಬಂದ ಮೇಲೆ ಪರಮಪ್ರಸಾದವನ್ನು (ಪೂಜೆಯಲ್ಲಿ ಯೇಸುವಿನ ಶರೀರವೆಂದು ಕೊಡುವ ರೊಟ್ಟಿ) ಕೈಯಲ್ಲಿ ತೆಗೆದುಕೊಳ್ಳುವುದು ರೂಢಿಯಾಯಿತಲ್ಲ, ಆಗ ಇನ್ನೂ ಜಾಸ್ತಿಯಾಯಿತು. ಅಂಗೈಯಲ್ಲಿ ಒಂದು ಕಣ ಉಳಿದಿದೆಯಾ, ನೆಲಕ್ಕೆ ಬಿತ್ತಾ ಅಂತ ನೋಡುತ್ತಾ ನಿಂತರೆ ಹಿಂದಿನವರು ಮುಂದೆ ಹೋಗಲು ಆಗುತ್ತಿರಲಿಲ್ಲ. ಕೊನೆಗೆ ಪರಮಪ್ರಸಾದ ಸ್ವೀಕರಿಸುವುದನ್ನೇ ಬಿಟ್ಟೆ. ಪೂಜೆಗೆ ಹೋಗುತ್ತಿದ್ದೆ, ಎಲ್ಲರೂ ಸಾಲಿಗೆ ಹೋದಾಗ ಬೆಂಚಿನಲ್ಲೇ ಕೂತಿರುತ್ತಿದ್ದೆ. ಮನೆಯವರು ಇದನ್ನು ದೊಡ್ಡ ಭಕ್ತಿ ಅಂದುಕೊಂಡಿದ್ದರು.

ದಾರಿ ತೋರಿಸಿದ್ದು ಒಬ್ಬ ವಯಸ್ಸಾದ ಸಿಸ್ಟರ್. ಧ್ಯಾನಕೂಟವೊಂದರಲ್ಲಿ ಸಿಕ್ಕಿದರು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ನಿನ್ನೊಳಗೆ ಮಾತಾಡುತ್ತಿರುವ ಈ ಧ್ವನಿ ನಿನ್ನನ್ನು ಯೇಸುವಿನ ಹತ್ತಿರ ಕರೆದುಕೊಂಡು ಹೋಗುತ್ತಿದೆಯಾ, ದೂರ ತಳ್ಳುತ್ತಿದೆಯಾ?" ಉತ್ತರ ನನಗೆ ಗೊತ್ತಿತ್ತು. ಪರಮಪ್ರಸಾದದಿಂದಲೇ ದೂರವಾಗಿದ್ದೆ. ಅಲ್ಲಿಯವರೆಗೆ ಆ ಧ್ವನಿ ದೇವರದ್ದೇ ಅಂತ ನಂಬಿದ್ದೆ. ಅದು ದೇವರ ಹೆಸರು ಹೇಳಿಕೊಂಡು ಬರುವ ಭಯ ಇರಬಹುದು ಅಂತ ಯಾರೂ ಹೇಳಿರಲಿಲ್ಲ.

ಆಮೇಲೆ ಅವರು ಸಂತ ಇಗ್ನಾಸಿಯವರ ಕಥೆ ಹೇಳಿದರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದ ಸೈನಿಕ, ಮನಸ್ಸು ತಿರುಗಿ ದೇವರ ಕಡೆ ಬಂದವರು, ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನ ಭಾಗ. 1522ರಲ್ಲಿ ಮೊನ್ಸೆರಾತ್ ಮಠದಲ್ಲಿ ಅವರು ಇಡೀ ಜೀವನದ ಪಾಪಗಳನ್ನು ಬರೆದುಕೊಂಡು ಮೂರು ದಿನ ನಿವೇದನೆ ಮಾಡಿದರು. ಆದರೂ ಮನ್ರೇಸಾ ಊರಿಗೆ ಬಂದ ಮೇಲೆ ಏನೋ ಬಿಟ್ಟುಹೋಗಿದೆ ಅನ್ನುವ ಕೊರಗು ಬಿಡಲಿಲ್ಲ. ಮತ್ತೆ ಮತ್ತೆ ನಿವೇದನೆ ಮಾಡಿದರೂ ಸಮಾಧಾನ ಇಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ದೇವರು ಬಿಡುಗಡೆ ಕೊಡುವ ತನಕ ಊಟ ಬೇಡ ಅಂತ ಒಂದು ವಾರ ಉಪವಾಸ ಕೂತರು, ಪಾಪನಿವೇದನೆ ಕೇಳುತ್ತಿದ್ದ ಗುರುಗಳು ನಿಲ್ಲಿಸು ಅಂದ ಮೇಲೆ ನಿಲ್ಲಿಸಿದರು. ಈ ಯೋಚನೆಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಕರೆದೊಯ್ಯುತ್ತವೆ ಅಂತ ನೋಡಿ, ಹಳೆಯದನ್ನು ಇನ್ನು ನಿವೇದನೆ ಮಾಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು. ನನಗೆ ಅಳು ಬಂತು. ಯೇಸುಸಭೆ ಅನ್ನುವ ಗುರುಗಳ ಸಂಘ ಕಟ್ಟಿದ ಅಷ್ಟು ದೊಡ್ಡ ಸಂತರೂ ಇದೇ ಹಾದಿಯಲ್ಲಿ ನಡೆದಿದ್ದರು.

ಸಿಸ್ಟರ್ ನನ್ನನ್ನು ಒಬ್ಬ ಫಾದರ್ ಹತ್ತಿರ ಕಳಿಸಿದರು. ಅವರು ಕೊಟ್ಟ ನಿಯಮಗಳು ಕೇಳಲು ಸುಲಭ, ಪಾಲಿಸಲು ಬಹಳ ಕಷ್ಟ. ಒಬ್ಬರೇ ಗುರುಗಳ ಹತ್ತಿರ ನಿವೇದನೆ, ಊರೆಲ್ಲ ಸುತ್ತಬಾರದು. ತಿಂಗಳಿಗೆ ಒಂದು ಸಲ, ಅವರು ಹೇಳಿದ ದಿನ ಮಾತ್ರ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಹಾಗಿಲ್ಲ. ಪಾಪವೋ ಅಲ್ಲವೋ ಅಂತ ಅನುಮಾನ ಇದ್ದರೆ ಅದನ್ನು ಪಾಪ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಈ ಕೊನೆಯದು ನನಗೆ ಹುಡುಗಾಟ ಅನ್ನಿಸಿತು. ಫಾದರ್ ತಾಳ್ಮೆಯಿಂದ ವಿವರಿಸಿದರು. ಘೋರ ಪಾಪ ಆಗಬೇಕಾದರೆ ವಿಷಯ ಗಂಭೀರವಾಗಿರಬೇಕು, ಗೊತ್ತಿದ್ದು ಮಾಡಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು, ಮೂರೂ ಒಟ್ಟಿಗೆ ಇರಬೇಕು, ಹಾಗಿರುವಾಗ ನಿನ್ನಂಥವಳಿಗೆ ಅದು ಅನುಮಾನವಾಗಿ ಉಳಿಯುವುದಿಲ್ಲ, ಖಂಡಿತ ಗೊತ್ತಿರುತ್ತದೆ ಅಂದರು. ಇದು ಎಲ್ಲರಿಗೂ ಹೇಳುವ ನಿಯಮ ಅಲ್ಲ, ನನ್ನಂಥ ಮನಸ್ಸಿನವರಿಗೆ ಧರ್ಮಸಭೆಯ ಗುರುಗಳು ಬಹಳ ಹಿಂದಿನಿಂದಲೂ ಕೊಡುತ್ತಾ ಬಂದಿರುವ ಸಲಹೆ.

ಮೊದಲ ತಿಂಗಳುಗಳು ನರಕ. ಮಣಿ ತಪ್ಪಿತು ಅನ್ನಿಸಿದರೂ ಮುಂದೆ ಹೋಗಬೇಕಿತ್ತು. ಕೈಯನ್ನು ಒಂದು ಸಲ ನೋಡಿ ಬೆಂಚಿಗೆ ಬರಬೇಕಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ಬರುತ್ತಿದ್ದೆ. ನನ್ನ ಕೈಯಲ್ಲಿ ಇದ್ದದ್ದು ವಿಧೇಯತೆ ಒಂದೇ. ನನಗೆ ಸರಿ ಅನ್ನಿಸದಿದ್ದರೂ ಫಾದರ್ ಮಾತನ್ನು ನಂಬುತ್ತೇನೆ, ಅದರ ಹೊಣೆ ಅವರದ್ದು ಅಂತ ಪ್ರತಿ ಸಲ ಮನಸ್ಸಿಗೆ ಹೇಳಿಕೊಂಡೆ. ಈ ಕಾಯಿಲೆಯಲ್ಲಿ ನಮ್ಮ ತೀರ್ಮಾನವನ್ನೇ ನಂಬಲು ಆಗುವುದಿಲ್ಲ, ಅದಕ್ಕೇ ಹೊರಗಿನ ಒಬ್ಬರು ಬೇಕೇ ಬೇಕು.

ಹೌದು, ಕಾಯಿಲೆ ಅಂದೆ. ಸಿಸ್ಟರ್ ನನ್ನನ್ನು ಮನೋವೈದ್ಯರ ಹತ್ತಿರವೂ ಕಳಿಸಿದರು. ಪ್ರಾರ್ಥನೆ ಸಾಲದು ಅಂತ ಅಲ್ಲ, ವೈದ್ಯರನ್ನು ಕೊಟ್ಟಿರುವುದೂ ದೇವರೇ ಅಂತ. ಓಸಿಡಿ ಅನ್ನುವ ಗೀಳು ಕೆಲವರಲ್ಲಿ ಕೈ ತೊಳೆಯುವುದಾಗಿ ಬಂದರೆ ಕೆಲವರಲ್ಲಿ ಧರ್ಮದ ವಿಷಯವಾಗಿ ಬರುತ್ತದೆ. ಭಯ ಬಂದರೂ ಮತ್ತೆ ಪರೀಕ್ಷಿಸದೆ, ಮತ್ತೆ ಹೇಳದೆ ಇರುವುದನ್ನು ಡಾಕ್ಟರ್ ಚಿಕಿತ್ಸೆಯಾಗಿ ಕಲಿಸಿದರು. ಫಾದರ್ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಮಾತ್ರೆಯನ್ನೂ ತೆಗೆದುಕೊಂಡೆ. ವಿಶ್ವಾಸ ಗಟ್ಟಿ ಇದ್ದರೆ ಮಾತ್ರೆ ಯಾಕೆ ಅಂತ ಕೇಳಿದವರಿದ್ದಾರೆ. ಅಂಥ ಮಾತು ಕೇಳಿ ಚಿಕಿತ್ಸೆ ನಿಲ್ಲಿಸಬೇಡಿ, ದಯವಿಟ್ಟು.

ಇನ್ನು ಪ್ರಾರ್ಥನೆ. ದಿನದ ಕೊನೆಯಲ್ಲಿ ಆತ್ಮಶೋಧನೆ ಮಾಡುವುದು ಇಗ್ನಾಸಿಯವರ ಕ್ರಮ. ಅದರಲ್ಲಿ ಐದು ಹಂತ ಇದೆ. ಸಿಸ್ಟರ್ ನನಗೆ ಮೊದಲನೆಯದನ್ನು ಮಾತ್ರ ಮಾಡಲು ಹೇಳಿದರು, ಕೃತಜ್ಞತೆ. ಪಾಪ ಹುಡುಕುವ ಭಾಗಕ್ಕೆ ಕೈ ಹಾಕಲೇ ಕೂಡದು ಅಂದರು. ಇವತ್ತು ದೇವರು ಎಲ್ಲಿ ಹತ್ತಿರ ಇದ್ದರು ಅಂತ ನೋಡು, ಥ್ಯಾಂಕ್ಸ್ ಹೇಳು, ಮಲಗು.

ನನ್ನನ್ನು ನಿಜವಾಗಿ ಬದಲಾಯಿಸಿದ್ದು ಲೂಕನ ಶುಭಸಂದೇಶದ 15ನೇ ಅಧ್ಯಾಯ. ದಾರಿ ತಪ್ಪಿದ ಮಗನ ಕಥೆ ಎಲ್ಲರಿಗೂ ಗೊತ್ತು. ಸಿಸ್ಟರ್ ಅದನ್ನು ನಿಧಾನವಾಗಿ, ನಾನೂ ಆ ಅಂಗಳದಲ್ಲಿ ನಿಂತಿರುವ ಹಾಗೆ ಓದಲು ಹೇಳಿದರು. ಹಂದಿಗಳ ನಡುವೆ ಕೂತು ಮಗ ಮೂರು ಮಾತು ಜೋಡಿಸಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯವರಲ್ಲಿ ಒಬ್ಬನಾಗಿ ಇಟ್ಟುಕೋ. ತಂದೆಯ ಮುಂದೆ ನಿಂತಾಗ ಮೊದಲಿನ ಎರಡನ್ನೇ ಹೇಳುತ್ತಾನೆ. ಮೂರನೆಯದು ಹೊರಗೆ ಬರುವುದೇ ಇಲ್ಲ, ಅಷ್ಟರಲ್ಲಿ ತಂದೆ ಒಳ್ಳೆಯ ಬಟ್ಟೆ ತನ್ನಿ ಅಂತ ಆಳುಗಳಿಗೆ ಹೇಳಿಯಾಗಿದೆ. ಅದಕ್ಕೂ ಮೊದಲೇ, ಮಗ ಬಾಯಿ ತೆರೆಯುವ ಮುಂಚೆಯೇ, ತಂದೆ ಓಡಿಬಂದು ಅಪ್ಪಿಕೊಂಡಿದ್ದಾನೆ. ಎಷ್ಟು ಸಲ ಕೇಳಿದ್ದ ಕಥೆ, ಇದು ಕಣ್ಣಿಗೇ ಬಿದ್ದಿರಲಿಲ್ಲ! ಮಗನ ನಿವೇದನೆ ಅರ್ಧ, ತಂದೆಯ ಕ್ಷಮೆ ಪೂರ್ತಿ. ಒಂದು ಮಾತು ಬಿಟ್ಟೆ ಅಂತ ಒದ್ದಾಡುತ್ತಿದ್ದ ನನಗೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಇಗ್ನಾಸಿಯವರದ್ದೇ ಇನ್ನೊಂದು ಮಾತು ಈಗಲೂ ದಿನಾ ಕೆಲಸಕ್ಕೆ ಬರುತ್ತದೆ. ದೇವರ ಕಡೆ ನಡೆಯುತ್ತಿರುವವರನ್ನು ಒಳ್ಳೆಯ ಆತ್ಮ ಸ್ಪಂಜಿನ ಮೇಲೆ ಬೀಳುವ ನೀರ ಹನಿಯ ಹಾಗೆ ಮೆತ್ತಗೆ ಮುಟ್ಟುತ್ತದೆ, ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದ ಹಾಗೆ ಸದ್ದು ಮಾಡಿ ಚದುರಿಸುತ್ತದೆ. ನಿಜವಾಗಿ ಯಾರನ್ನಾದರೂ ನೋಯಿಸಿದಾಗ ನನಗೆ ಈಗ ಬೇಸರ ಆಗುತ್ತದೆ, ಹೋಗಿ ಕ್ಷಮೆ ಕೇಳುತ್ತೇನೆ, ಅಲ್ಲಿಗೆ ಮುಗಿಯಿತು. ಗಾಬರಿ ಹುಟ್ಟಿಸಿ, ಈಗಲೇ ಓಡು, ಈಗಲೇ ಹೇಳು ಅಂತ ಅವಸರ ಮಾಡುವ ಯೋಚನೆ ಬಂದರೆ ಅದರ ಮಾತು ಕೇಳುವುದಿಲ್ಲ.

ಪೂರ್ತಿ ಹೋಗಿದೆಯಾ ಅಂದರೆ, ಇಲ್ಲ. ನಿದ್ದೆ ಕೆಟ್ಟಾಗ, ಅಪ್ಪನ ತಿಥಿ ಹತ್ತಿರ ಬಂದಾಗ ಮತ್ತೆ ತಲೆ ಎತ್ತುತ್ತದೆ. ಆದರೆ ಪರಮಪ್ರಸಾದ ಬಿಟ್ಟಿಲ್ಲ.

ನಿಮಗೂ ಹೀಗಿದ್ದರೆ, ಫಾದರ್ ಹತ್ತಿರ ಹೋದಾಗ ಪಾಪಗಳ ಪಟ್ಟಿ ಹೇಳುವ ಮೊದಲು, "ನನಗೆ ಕ್ಷಮೆ ಸಿಕ್ಕಿದೆ ಅಂತ ನಂಬಲು ಆಗುತ್ತಿಲ್ಲ, ಪದೇ ಪದೇ ಅದೇ ನಿವೇದನೆ ಮಾಡುತ್ತಿದ್ದೇನೆ" ಅಂತ ನೇರವಾಗಿ ಹೇಳಿ. ಆ ಒಂದು ಮಾತಿನಿಂದ ಅವರಿಗೆ ದಾರಿ ಗೊತ್ತಾಗುತ್ತದೆ. ಸಮಯ ಇಲ್ಲ ಅಂದರೆ ಬೇರೆ ದಿನ ಕೇಳಿ, ಅಥವಾ ಧ್ಯಾನಕೂಟ ನಡೆಸುವ ಮನೆಗಳಲ್ಲಿ ಆತ್ಮಿಕ ಮಾರ್ಗದರ್ಶನ ಕೊಡುವವರು ಇರುತ್ತಾರೆ, ಅವರನ್ನು ಕೇಳಿ. ಬದುಕೇ ಬೇಡ ಅನ್ನುವ ಮಟ್ಟಕ್ಕೆ ಹೋಗಿದ್ದರೆ ಯಾರಿಗೂ ಕಾಯಬೇಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಈಗಲೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.